ನಾಣ್ಯಗಳ ದರ್ಜೆಯೂ ಸಾಚಾತನವೂ: ಷೆಲ್ಡನ್ನರ ಅಂಕಸೋಪಾನದ ವಿಮರ್ಶೆ

ಹಳೆಯ ನಾಣ್ಯಗಳನ್ನು ಕೂಡಿಸುವ ಹವ್ಯಾಸವುಳ್ಳವರಲ್ಲಿ, ನಾಣ್ಯದ ಸ್ಥಿತಿಯನ್ನು ೧ರಿಂದ ೭೦ರವರೆಗಿನ ಅಂಕಗಳಿಂದ ಸೂಚಿಸುವ ಪದ್ಧತಿಯು ಬಲವಾಗಿ ಬೇರೂರಿದೆ. ಅಮೆರಿಕದ ವಿಲಿಯಂ ಹರ್ಬರ್ಟ್ ಷೆಲ್ಡನ್ನರು ೧೯೪೯ರಲ್ಲಿ ಪ್ರಕಟಿಸಿದ ‘ಅರ್ಲಿ ಅಮೆರಿಕನ್ ಸೆಂಟ್ಸ್’ ಎಂಬ ಗ್ರಂಥವೇ ಇದಕ್ಕೆ ಮೂಲ. ಅದು ೧೯೫೮ರಲ್ಲಿ ‘ಪೆನ್ನಿ ವಿಮ್ಸಿ’ ಎಂಬ ಹೆಸರಿನಿಂದ ಪರಿಷ್ಕೃತವಾಗಿ ಹೊರಬಂದಿತು. ಆ ದೇಶದ ತಾಮ್ರದ ಸೆಂಟುಗಳಿಗಾಗಿ ಕಟ್ಟಿದ ಈ ಅಂಕಸೋಪಾನವನ್ನು ಕರ್ನಾಟಕದ ವರಾಹ, ಹಣ, ಕಾಸುಗಳಿಗೂ ಹಚ್ಚುವವರು ಈಚೆಗೆ ಕಾಣಬರುತ್ತಿರುವುದರಿಂದ, ಅದರ ಬಲಾಬಲಗಳನ್ನು ವಿಚಾರಿಸಿ ನೋಡುವುದು ಅವಶ್ಯಕವಾಗಿದೆ.

ಷೆಲ್ಡನ್ನರು ವೃತ್ತಿಯಿಂದ ಮನಶ್ಶಾಸ್ತ್ರಜ್ಞರು. ಮನುಷ್ಯರ ದೇಹದ ಆಕಾರವನ್ನು ಅಂಕಗಳಲ್ಲಿ ಅಳೆದು, ಅದರಿಂದ ಅವರ ಸ್ವಭಾವವನ್ನು ನಿರ್ಣಯಿಸಬಹುದೆಂಬ ವಾದದಿಂದ ಅವರು ಹೆಸರಾದರು. ಆ ವಾದವನ್ನು ವಿದ್ವಾಂಸರು ಬಹುಮಟ್ಟಿಗೆ ಕೈಬಿಟ್ಟಿದ್ದಾರೆ. ನಾಣ್ಯಗಳ ವಿಷಯದಲ್ಲಿ ಅವರು ಹೂಡಿದ ಅಂಕವಿಧಾನ ಮಾತ್ರ ಉಳಿದು ಬೆಳೆದಿದೆ. ಅದರ ತಳಹದಿಯನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ೧೭೯೪ನೆಯ ಇಸವಿಯ ದೊಡ್ಡ ಸೆಂಟನ್ನು ಆಧಾರವಾಗಿಟ್ಟುಕೊಂಡು, ಗುರುತು ಹಿಡಿಯಲು ಮಾತ್ರ ಸಾಧ್ಯವಾಗುವಷ್ಟು ಸವೆದ ನಾಣ್ಯಕ್ಕೆ ಒಂದು ಡಾಲರು ಬೆಲೆಯಾದರೆ, ಕಮ್ಮಟದಿಂದ ಆಗತಾನೆ ಹೊರಬಂದಂತಿರುವ ನಿಷ್ಕಳಂಕವಾದ ನಾಣ್ಯಕ್ಕೆ ಎಪ್ಪತ್ತು ಡಾಲರು ಎಂದು ಅವರು ಲೆಕ್ಕಹಾಕಿದರು. ಆದಕಾರಣ ಈ ಅಂಕಗಳು ಸವಕಳಿಯ ಅಳತೆಗಳಲ್ಲ. ಒಂದು ಕಾಲದ, ಒಂದು ಪೇಟೆಯ, ಒಂದು ಬಗೆಯ ನಾಣ್ಯದ ಬೆಲೆಯ ಅನುಪಾತಗಳು. ಆ ಬೆಲೆಗಳು ಬಹುಬೇಗನೆ ಬದಲಾದುವು. ತಕ್ಕಡಿಯು ಮುರಿದ ಮೇಲೂ ತೂಕದ ಬಟ್ಟುಗಳನ್ನು ಪೂಜಿಸುವಂತೆ, ಅಂಕಗಳು ಮಾತ್ರ ನಿಂತುವು. ೧೯೭೭ರಲ್ಲಿ ಅಮೆರಿಕದ ನಾಣ್ಯಸಂಗ್ರಾಹಕರ ಸಂಘವು ತನ್ನ ಅಧಿಕೃತ ಕೈಪಿಡಿಯಲ್ಲಿ ಅವುಗಳನ್ನು ಅಂಗೀಕರಿಸಿತು. ೧೯೮೬ರಿಂದೀಚೆಗೆ ಅಲ್ಲಿನ ವ್ಯಾಪಾರಸಂಸ್ಥೆಗಳು ನಾಣ್ಯವನ್ನು ಪರೀಕ್ಷಿಸಿ, ಅಂಕವನ್ನು ನಮೂದಿಸಿ, ಗಾಜಿನಂಥ ಪ್ಲಾಸ್ಟಿಕ್ ಸಂಪುಟದಲ್ಲಿ ಮುದ್ರೆಹಾಕಿ ಕೊಡತೊಡಗಿದುವು.

ಇದರಿಂದ ಪ್ರಯೋಜನವೇ ಆಗಿಲ್ಲವೆಂದು ಹೇಳುವುದು ನ್ಯಾಯವಲ್ಲ. ಮಾರುವವನು ‘ಅತ್ಯುತ್ತಮ’ವೆಂದು ವರ್ಣಿಸಿದ್ದು ಕೊಳ್ಳುವವನ ಕೈಗೆ ಬಂದಾಗ ‘ಸಾಧಾರಣ’ವಾಗುತ್ತಿದ್ದ ವಂಚನೆಗೆ ಈ ಪದ್ಧತಿಯು ಒಂದು ತಡೆಯನ್ನು ಒಡ್ಡಿತು. ಯಂತ್ರದಿಂದ ಅಚ್ಚಾದ, ಒಂದರಂತೆ ಮತ್ತೊಂದು ಇರುವ ನಾಣ್ಯಗಳ ವಿಷಯದಲ್ಲಿ ಇದು ಉಪಯುಕ್ತವೇ ಸರಿ. ಅಂಥ ನಾಣ್ಯಕ್ಕೆ ಒಂದು ಪೂರ್ಣರೂಪವಿದೆ. ಕೈಯಲ್ಲಿರುವುದು ಆ ಪೂರ್ಣರೂಪದಿಂದ ಎಷ್ಟು ದೂರ ಇಳಿದಿದೆಯೆಂದು ಅಳೆಯಬಹುದು.

ಕೈಯಿಂದ ಹೊಡೆದ ನಾಣ್ಯಕ್ಕೆ ಅಂಥ ಪೂರ್ಣರೂಪವು ಎಲ್ಲಿಯೂ ಇರಲಿಲ್ಲ. ತೊಡಕು ಇಲ್ಲಿಯೇ ಹುಟ್ಟುತ್ತದೆ. ವಿಜಯನಗರದ ತಾಮ್ರದ ಕಾಸುಗಳಲ್ಲಿ ಅನೇಕವು ಅಚ್ಚಿಗಿಂತ ಚಿಕ್ಕದಾದ ಬಿಲ್ಲೆಯ ಮೇಲೆ ಬಿದ್ದ ಮುದ್ರೆಗಳು. ಅರಸನ ಹೆಸರಿನ ಒಂದು ಭಾಗ ಒಂದರಲ್ಲಿ ಉಳಿದರೆ ಮತ್ತೊಂದು ಭಾಗ ಇನ್ನೊಂದರಲ್ಲಿ ಉಳಿಯುತ್ತದೆ. ಎರಡನ್ನೂ ಕೂಡಿಸಿದಾಗ ಮಾತ್ರ ಹೆಸರು ಪೂರ್ಣವಾಗುತ್ತದೆ. ಸವೆದು ಮೂಲೆ ಮುರಿದ ಕಾಸಿನಲ್ಲಿ ಬೇರೆಲ್ಲಿಯೂ ಕಾಣದ ಅಕ್ಷರವೊಂದು ನಿಂತಿದ್ದರೆ, ಅಂಕಸೋಪಾನದಲ್ಲಿ ಅದು ಕೆಳಗಿನ ಮೆಟ್ಟಿಲಲ್ಲಿರುತ್ತದೆ. ಚರಿತ್ರಕಾರನಿಗೆ ಅದೇ ಮೇಲಿನದು.

ಪುದುಕ್ಕೋಟೆಯ ಸೀಮೆಯಲ್ಲಿ ೧೮೯೮ರಲ್ಲಿ ದೊರೆತ ರೋಮನ್ ಚಿನ್ನದ ನಿಧಿಯು ಇದಕ್ಕೆ ಇನ್ನೂ ಸ್ಪಷ್ಟವಾದ ನಿದರ್ಶನ. ಅದರಲ್ಲಿದ್ದ ೫೦೧ ನಾಣ್ಯಗಳಲ್ಲಿ ಬಹುಪಾಲಿನವುಗಳ ಮೇಲೆ, ಚಕ್ರವರ್ತಿಯ ತಲೆಯ ಮೇಲೆ ಉಳಿಯಿಂದ ಕಚ್ಚುಹೊಡೆದ ಗುರುತಿದೆ. ದರ್ಜೆ ನಿರ್ಣಯಿಸುವವನ ದೃಷ್ಟಿಯಲ್ಲಿ ಇವೆಲ್ಲ ಕೆಟ್ಟ ನಾಣ್ಯಗಳು. ಆದರೆ ಬಹಳ ಸವೆದ ನಾಣ್ಯಗಳನ್ನು ಚಲಾವಣೆಯಿಂದ ತೆಗೆಯುವುದಕ್ಕಾಗಿ ಹೀಗೆ ಕಡಿದರೋ, ಪರದೇಶದ ಅರಸನ ಮುಖವನ್ನು ನಿರಾಕರಿಸುವುದಕ್ಕಾಗಿಯೋ ಎಂಬ ಚರ್ಚೆಯು ನಡೆಯುವುದಕ್ಕೆ ಆ ಕಚ್ಚುಗಳೇ ಆಧಾರ. ಕಚ್ಚಿಲ್ಲದ ನಾಲ್ಕೈದನ್ನು ಆರಿಸಿಕೊಂಡು ಉಳಿದವನ್ನು ಕರಗಿಸಿದ್ದರೆ ಆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಸರಾಫರು ರೂಪಾಯಿಗಳ ಮೇಲೆ ಒತ್ತಿದ ಸಣ್ಣ ಮುದ್ರೆಗಳಿಗೂ ಈ ಮಾತು ಅನ್ವಯಿಸುತ್ತದೆ. ಅವು ನಾಣ್ಯಕ್ಕಾದ ಗಾಯಗಳೆಂದು ಎಣಿಸುವುದು ತಪ್ಪು. ನಾಣ್ಯವು ಕೈಯಿಂದ ಕೈಗೆ ಹೋಗಿ ಪರೀಕ್ಷೆಯಲ್ಲಿ ತೇರಿದುದಕ್ಕೆ ಅವು ಸಾಕ್ಷಿಗಳು.

ದರ್ಜೆಯಲ್ಲಿ ಯಾವುದನ್ನು ಕಳೆಯುತ್ತಾರೋ ಸಾಚಾತನದ ಪರೀಕ್ಷೆಯಲ್ಲಿ ಅನೇಕವೇಳೆ ಅದನ್ನೇ ಕೂಡಿಸಬೇಕಾಗುತ್ತದೆ ಎಂಬ ಅಂಶವನ್ನು ಸಂಗ್ರಾಹಕರು ಸಾಕಷ್ಟು ಗಮನಿಸಿದಂತೆ ತೋರುವುದಿಲ್ಲ. ಕೈಯಿಂದ ಕತ್ತರಿಸಿದ ಎರಡು ಬಿಲ್ಲೆಗಳು ಅಂಚಿನಲ್ಲಿ ಒಂದೇ ಆಗಿರುವುದು ಅಸಂಭವ. ಅಚ್ಚು ಒಂದೇ ಇರಬಹುದು. ಆದರೆ ಬಿಲ್ಲೆಯ ಆಕಾರ, ಅಂಚಿನ ಸೀಳು, ಅಚ್ಚು ಓರೆಯಾಗಿ ಬಿದ್ದ ಕೋನ, ಇವು ಬೇರೆಬೇರೆಯಾಗಿರಲೇಬೇಕು. ಎರಡು ನಾಣ್ಯಗಳಲ್ಲಿ ಈ ದೋಷಗಳೆಲ್ಲವೂ ಒಂದೇ ಸ್ಥಾನದಲ್ಲಿ ಒಂದೇ ಪ್ರಕಾರವಾಗಿ ಕಂಡುಬಂದರೆ, ಒಂದರಿಂದ ಇನ್ನೊಂದನ್ನಾಗಲಿ, ಮೂರನೆಯದರಿಂದ ಎರಡನ್ನೂ ಆಗಲಿ ಎರಕಹೊಯ್ದಿದ್ದಾರೆಂಬುದು ನಿಶ್ಚಯ. ಎರಕದ ನಾಣ್ಯದಲ್ಲಿ ಅಕ್ಷರಗಳ ಮೊನೆಗಳು ಮೃದುವಾಗಿರುತ್ತವೆ; ಮೈಮೇಲೆ ಗಾಳಿಗುಳ್ಳೆಗಳ ಸಣ್ಣ ಕುಳಿಗಳಿರುತ್ತವೆ; ಅಂಚಿನಲ್ಲಿ ಅಚ್ಚಿನ ಎರಡು ಹೋಳುಗಳು ಕೂಡಿದ ಗೆರೆಯನ್ನು ಅರದಿಂದ ಉಜ್ಜಿರುವುದು ಭೂತಕನ್ನಡಿಗೆ ಗೋಚರವಾಗುತ್ತದೆ. ಹವ್ಯಾಸಿಯು ಮೊದಲು ನೋಡಬೇಕಾದದ್ದು ಅಂಚನ್ನು. ಸಂಪುಟದೊಳಗೆ ಮುದ್ರೆಹಾಕಿದ ನಾಣ್ಯದಲ್ಲಿ ಸರಿಯಾಗಿ ನೋಡಲಾಗದಿರುವುದೂ ಅನೇಕವೇಳೆ ಅದನ್ನೇ!

ಹೈದರ್ ಮತ್ತು ಟಿಪ್ಪುವಿನ ನಾಣ್ಯಗಳನ್ನು ಕುರಿತು ಹೆಂಡರ್ಸನ್ನರು ೧೯೨೧ರಲ್ಲಿ ಮದರಾಸಿನಿಂದ ಪ್ರಕಟಿಸಿದ ಗ್ರಂಥವು ಇಂದಿಗೂ ಸಂಗ್ರಾಹಕರಿಗೆ ಆಧಾರವಾಗಿದೆ. ಅಂಕಗಳ ಸೋಪಾನವಿಲ್ಲದ ಆ ಗ್ರಂಥವು ತೋರಿಸುವ ದಾರಿಯೇ ಬೇರೆ: ಕಮ್ಮಟ ಯಾವುದು, ವರ್ಷ ಯಾವುದು, ಹೆಸರು ಯಾವುದು ಎಂಬ ಪ್ರಶ್ನೆಗಳು. ಟಿಪ್ಪುವಿನ ನಾಣ್ಯಗಳಲ್ಲಿ ಈ ಪ್ರಶ್ನೆಗಳಿಗೆ ಹೇರಳವಾದ ಉತ್ತರಗಳಿವೆ. ಅವನು ಪಟ್ಟಣ, ನಗರ, ಗುತ್ತಿ, ಚಿತ್ರದುರ್ಗ, ದಿಂಡಿಗಲ್ಲು ಮೊದಲಾದ ಕಡೆಗಳಲ್ಲಿ ಕಮ್ಮಟಗಳನ್ನಿಟ್ಟು ಕೆಲವು ಊರುಗಳಿಗೆ ಹೊಸ ಹೆಸರುಗಳನ್ನು ಕೊಟ್ಟನು. ಎರಡು ರೂಪಾಯಿಗೆ ಹೈದರಿ, ರೂಪಾಯಿಗೆ ಇಮಾಮಿ, ವರಾಹಕ್ಕೆ ಫಾರೂಕಿ, ತಾಮ್ರದ ಪೈಸೆಗೆ ಜೋಹ್ರಾ ಎಂದು ಹೆಸರಿಟ್ಟನು. ಹಿಜರಿ ಶಕೆಯನ್ನು ಬಿಟ್ಟು ಪ್ರವಾದಿಯ ಜನನದಿಂದ ಎಣಿಸುವ ಮೌಲೂದಿ ಶಕೆಯನ್ನು ೧೨೧೫ನೆಯ ವರ್ಷದಿಂದ ನಾಣ್ಯಗಳ ಮೇಲೆ ಹಾಕಿಸಿದಾಗ, ಅಂಕಿಗಳನ್ನು ಸಾಮಾನ್ಯವಾಗಿ ಬಲದಿಂದ ಎಡಕ್ಕೆ ಬರೆಯಿಸಿದನು. ಇದನ್ನರಿಯದವನು ಎಡದಿಂದ ಓದಿ ೫೧೨೧ ಎಂದು ಬೆರಗಾಗುತ್ತಾನೆ. ಇದನ್ನರಿಯದೆ ಅಚ್ಚು ಕೊರೆದ ಕೃತ್ರಿಮಗಾರನು ಆ ಅಂಕಿಗಳಿಂದಲೇ ಸಿಕ್ಕಿಬೀಳುತ್ತಾನೆ. ೧೨೨೧ನೆಯ ವರ್ಷದಲ್ಲಿ ಮಾತ್ರ ಈ ಪರೀಕ್ಷೆಯಿಂದ ಏನೂ ಉಪಯೋಗವಿಲ್ಲ. ಅದನ್ನು ಯಾವ ಕಡೆಯಿಂದ ಓದಿದರೂ ಒಂದೇ.

ವರಾಹಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರಿಕೆ ಬೇಕು. ಉಮಾಮಹೇಶ್ವರರ ಮೂರ್ತಿಯನ್ನು ಎರಡನೆಯ ಹರಿಹರನ ಕಾಲದಲ್ಲಿಯೇ ಚಿನ್ನದ ಮೇಲೆ ಕಾಣಬಹುದು. ಇಕ್ಕೇರಿಯ ನಾಯಕರು ಅದನ್ನು ಮುಂದುವರಿಸಿದರು. ೧೭೬೩ರಲ್ಲಿ ಬಿದನೂರನ್ನು ಗೆದ್ದ ಹೈದರನು ಮೂರ್ತಿಯನ್ನು ಹಾಗೆಯೇ ಉಳಿಸಿಕೊಂಡು, ಹಿಂಬದಿಯಲ್ಲಿ ಮಾತ್ರ ತನ್ನ ಹೆಸರಿನ ಮೊದಲಕ್ಷರವನ್ನು ಹೊಡೆಯಿಸಿದನು. ೧೭೯೯ರ ಬಳಿಕ ಮುಮ್ಮಡಿ ಕೃಷ್ಣರಾಜ ಒಡೆಯರ ವರಾಹದಲ್ಲಿಯೂ ಅದೇ ಮೂರ್ತಿಯಿದ್ದು, ಹಿಂಬದಿಯಲ್ಲಿ ಅವರ ಹೆಸರು ನಾಗರಾಕ್ಷರಗಳಲ್ಲಿದೆ. ಹೀಗೆ ನಾಲ್ಕುನೂರು ವರ್ಷಗಳ ಕಾಲ ಮುಂಬದಿಯು ಹೆಚ್ಚುಕಡಮೆ ಒಂದೇ. ಮೂರ್ತಿಯ ಅಂದವನ್ನು ನೋಡಿ ಕೊಳ್ಳುವವನು ಯಾವ ಅರಸನ ನಾಣ್ಯವನ್ನು ಕೊಂಡನೆಂದು ಹೇಳಲಾರನು. ಶ್ರೀರಾಮಪಟ್ಟಾಭಿಷೇಕದ ಚಿತ್ರವುಳ್ಳ ರಾಮಟಂಕಗಳಂತೂ ನಾಣ್ಯಗಳೇ ಅಲ್ಲ, ಪೂಜೆಗಾಗಿ ಮಾಡಿದ ಮುದ್ರಿಕೆಗಳು. ಅವುಗಳಲ್ಲಿ ಬಹುಪಾಲು ಈಚಿನವು. ಅವುಗಳ ಮೇಲೆ ಕೊರೆದ ಪ್ರಾಚೀನ ವರ್ಷಗಳನ್ನು ನಂಬಲಾಗದು. ಆದರೂ ಅವು ಎಷ್ಟು ಹೊಳೆಯುತ್ತವೆಯೋ ಅಷ್ಟು ಸುಲಭವಾಗಿ ವಿಜಯನಗರದ ಹೆಸರಿನಲ್ಲಿ ಮಾರಾಟವಾಗುತ್ತವೆ.

ಈ ದೇಶದಲ್ಲಿ ನಾಣ್ಯಪರೀಕ್ಷೆಯ ಹಳೆಯ ಸಂಪ್ರದಾಯವೊಂದು ಇಲ್ಲದಿರಲಿಲ್ಲ. ದೆಹಲಿಯ ಕಮ್ಮಟದಲ್ಲಿ ಅಧಿಕಾರಿಯಾಗಿದ್ದ ಠಕ್ಕುರ ಫೇರು ಎಂಬ ಜೈನನು ೧೩೧೮ರಲ್ಲಿ ‘ದ್ರವ್ಯಪರೀಕ್ಷಾ’ ಎಂಬ ಗ್ರಂಥವನ್ನು ಬರೆದನು. ಅವನು ವಿಚಾರಿಸುವುದು ತೂಕವನ್ನು, ಲೋಹದ ಶುದ್ಧಿಯನ್ನು, ವಿನಿಮಯದ ಬೆಲೆಯನ್ನು. ಹೊಳಪು ಅವನ ಲೆಕ್ಕಕ್ಕೆ ಬರುವುದಿಲ್ಲ. ಒರೆಗಲ್ಲೂ ತಕ್ಕಡಿಯೂ ಇಂದಿಗೂ ನಿರರ್ಥಕವಾಗಿಲ್ಲ, ಸುಮಾರು ೩.೪ ಗ್ರಾಮಿನ ವರಾಹವನ್ನು ನೀರಿನಲ್ಲಿ ತೂಗಿ ಅದರ ವಿಶಿಷ್ಟ ಗುರುತ್ವವನ್ನು ಮನೆಯಲ್ಲಿಯೇ ತಿಳಿಯಬಹುದು. ಶುದ್ಧ ಚಿನ್ನಕ್ಕೆ ಅದು ೧೯.೩, ಬೆಳ್ಳಿಗೆ ೧೦.೫. ಟಂಗ್‌ಸ್ಟನ್ ಲೋಹದ ಗುರುತ್ವವು ಚಿನ್ನದ್ದಕ್ಕೆ ಬಹು ಸಮೀಪವಾಗಿರುವುದರಿಂದ ಈ ಪರೀಕ್ಷೆಯೊಂದೇ ಸಾಲದು. ಅರ್ಧ ಗ್ರಾಮಿಗೂ ಕಡಮೆಯಿರುವ ಹಣಗಳಿಗೆ ಮನೆಯ ತಕ್ಕಡಿಯೂ ಸಾಲದು.

ಅಂಕದ ಆಶೆಯಿಂದ ಆಗುವ ಕೇಡು ಮತ್ತೊಂದಿದೆ. ಹೊಳಪಿಗೆ ಬೆಲೆ ಬಂದ ಮೇಲೆ ನಾಣ್ಯವನ್ನು ತೊಳೆಯುವವರು ಹೆಚ್ಚುತ್ತಾರೆ. ಟಿಪ್ಪುವಿನ ಆನೆಯ ಪೈಸೆಗಳನ್ನು ಹುಣಿಸೆಯ ಹುಳಿಯಿಂದ ದೇವರ ಪಾತ್ರೆಯಂತೆ ಬೆಳಗಿ ಮಾರುವುದುಂಟು. ಇನ್ನೂರು ವರ್ಷಗಳಲ್ಲಿ ತಾಮ್ರದ ಮೇಲೆ ಕಟ್ಟಿದ ಪದರವು ಒಂದು ಗಳಿಗೆಯಲ್ಲಿ ಹೋಗುತ್ತದೆ. ಅದರೊಡನೆ ಪ್ರಾಚೀನತೆಯ ಒಂದು ಪ್ರಮಾಣವೂ ಹೋಗುತ್ತದೆ. ತೊಳೆದದ್ದನ್ನು ಪಾಶ್ಚಾತ್ಯ ಪರೀಕ್ಷಕರೂ ದೋಷವೆಂದೇ ಎಣಿಸುತ್ತಾರೆಂಬುದು ನಿಜ. ಆದರೆ ಆ ಆಶೆಯನ್ನು ಹುಟ್ಟಿಸಿದ ಪದ್ಧತಿಯು ಅವರದೇ.

ಕಾನೂನಿನ ತೊಡಕೂ ಇದೆ. ೧೯೭೨ರ ಪ್ರಾಚೀನವಸ್ತುಗಳ ಕಾಯಿದೆಯ ಪ್ರಕಾರ ನೂರು ವರ್ಷಕ್ಕೆ ಮೇಲ್ಪಟ್ಟ ನಾಣ್ಯವನ್ನು ಖಾಸಗಿ ವ್ಯಕ್ತಿಯು ದೇಶದಿಂದ ಹೊರಕ್ಕೆ ಕಳುಹಿಸಕೂಡದು. ಆದಕಾರಣ ವರಾಹವನ್ನು ಅಂಕಕ್ಕಾಗಿ ಅಮೆರಿಕಕ್ಕೆ ಕಳುಹಿಸುವ ಹವ್ಯಾಸಿಯು ಅಪರಾಧಿಯಾಗುತ್ತಾನೆ. ಭೂಮಿಯಲ್ಲಿ ದೊರೆತ ನಿಧಿಯ ಬೆಲೆ ಹತ್ತು ರೂಪಾಯಿಗೆ ಮೀರಿದರೆ ಸರಕಾರಕ್ಕೆ ತಿಳಿಸಬೇಕೆಂಬ ೧೮೭೮ರ ವಿಧಿಯನ್ನೂ ಸಂಗ್ರಾಹಕರು ಮರೆಯಲಾಗದು. ನಿಧಿಯನ್ನು ಗುಟ್ಟಾಗಿ ಒಡೆದು, ಚೆನ್ನಾಗಿರುವುದನ್ನು ಆರಿಸಿ, ಉಳಿದದ್ದನ್ನು ಅಕ್ಕಸಾಲೆಗೆ ಹಾಕಿದಾಗ ಯಾವ ಯಾವ ನಾಣ್ಯಗಳು ಕೂಡಿ ಚಲಿಸುತ್ತಿದ್ದುವೆಂಬುದು ಎಂದೆಂದಿಗೂ ತಿಳಿಯದಂತಾಗುತ್ತದೆ.

ಅಂಕವು ನಾಣ್ಯದ ಗುರುತಲ್ಲವೆಂಬುದಕ್ಕೆ ಷೆಲ್ಡನ್ನರ ಚರಿತ್ರೆಯೇ ನಿದರ್ಶನವಾಗಿದೆ. ನ್ಯೂಯಾರ್ಕಿನ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಗೆ ಜಾರ್ಜ್ ಕ್ಲ್ಯಾಪ್ ಎಂಬವರು ದಾನವಾಗಿ ಕೊಟ್ಟಿದ್ದ ಸೆಂಟುಗಳಲ್ಲಿ ಉತ್ತಮವಾದವನ್ನು ತೆಗೆದುಕೊಂಡು, ಅವುಗಳ ಸ್ಥಾನದಲ್ಲಿ ಅದೇ ಜಾತಿಯ ಕೆಳದರ್ಜೆಯವನ್ನು ಷೆಲ್ಡನ್ನರು ಇಟ್ಟಿದ್ದರೆಂಬುದು ೧೯೭೭ರಲ್ಲಿ ಅವರು ತೀರಿಕೊಂಡ ಬಹುಕಾಲದ ಮೇಲೆ ಹೊರಬಿದ್ದಿತು; ಆ ನಾಣ್ಯಗಳ ಒಡೆತನದ ವ್ಯಾಜ್ಯವು ಕ್ಯಾಲಿಫೋರ್ನಿಯದ ನ್ಯಾಯಾಲಯದವರೆಗೆ ಹೋಗಿ ೧೯೯೬ರಲ್ಲಿ ತೀರ್ಪಾಯಿತು. ಒಂದು ಜಾತಿಯ ನಾಣ್ಯದ ಬದಲು ಅದೇ ಜಾತಿಯ ಮತ್ತೊಂದು ಕುಳಿತಿದ್ದರೆ, ಜಾತಿಯನ್ನಷ್ಟೇ ಹೇಳುವ ಚೀಟಿಯು ಸುಳ್ಳಾಗುವುದಿಲ್ಲ. ಕದ್ದದ್ದನ್ನು ಹಿಡಿಯಬೇಕಾದರೆ ಆ ಒಂದು ನಾಣ್ಯದ ತೂಕ, ವ್ಯಾಸ, ಎರಡು ಮುಖಗಳ ಅಚ್ಚುಗಳ ಪರಸ್ಪರ ದಿಕ್ಕು, ಅಂಚಿನ ಸೀಳು, ಮೈಯ ಗೀರು, ಎರಡು ಕಡೆಯ ಛಾಯಾಚಿತ್ರ ಇವು ಬರಹದಲ್ಲಿರಬೇಕು. ಕರ್ನಾಟಕದ ಹವ್ಯಾಸಿಗಳ ಪೆಟ್ಟಿಗೆಗಳಲ್ಲಿರುವ ಚೀಟಿಗಳ ಮೇಲೆ ಇವುಗಳ ಜೊತೆಗೆ ನಾಣ್ಯವು ದೊರೆತ ಊರಿನ ಹೆಸರೂ ಇರತಕ್ಕದ್ದು.

ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಡಾ. ಎಂ. ಎಚ್. ಕೃಷ್ಣರವರೂ, ೧೯೪೭ರಲ್ಲಿ ವ್ಹೀಲರರೂ ಅಗೆದಾಗ ದೊರೆತ ಶಾತವಾಹನರ ಕಾಲದ ಸೀಸದ ನಾಣ್ಯಗಳನ್ನು ನೋಡಿದವರು ಅವುಗಳಿಗೆ ಎಪ್ಪತ್ತರಲ್ಲಿ ಎಷ್ಟು ಅಂಕ ಕೊಡುವರೋ ಊಹಿಸಬಹುದು. ಸೀಸವು ಮಣ್ಣಿನಲ್ಲಿ ಬೆಳ್ಳಗಾಗಿ ಪುಡಿಯಾಗುವ ಲೋಹ. ಅಂಥ ನಾಣ್ಯಗಳ ಮೇಲೆಯೇ ಮಹಾರಠಿ ಸದಕನ ಕಳಲಾಯನ ಹೆಸರು ಉಳಿದುಬಂದಿದೆ.