ಮಚ್ಚೆಯೊಳಗಿನ ಕುಸುರಿ

ಭಾದ್ರಪದದ ಹೊತ್ತಿಗೆ ಹಿರಿಯೂರು, ಹೊಸದುರ್ಗದ ಕಡೆಯ ಈರುಳ್ಳಿ ಹೊಲಗಳಲ್ಲಿ ಗೆಡ್ಡೆ ಕಟ್ಟುತ್ತಿರುತ್ತದೆ. ಹಗಲೆಲ್ಲ ಮೋಡ, ರಾತ್ರಿ ಇಬ್ಬನಿ. ಎಲೆಯ ಮೇಲೆ ಮೊದಲು ಬಿಳಿಯ ಚುಕ್ಕೆಯೊಂದು ಕಾಣಿಸಿಕೊಳ್ಳುತ್ತದೆ, ತುಸು ಒಳಕ್ಕೆ ಕುಸಿದ ಚುಕ್ಕೆ. ಬರಬರುತ್ತ ಅದು ಎಲೆಯುದ್ದಕ್ಕೂ ಚಾಚಿ, ನಡುವೆ ನೇರಳೆಯಾಗಿ, ಅಂಚಿಗೆ ಹಳದಿ ತಿರುಗಿ, ಒಂದರೊಳಗೊಂದು ಉಂಗುರ ಹೆಣೆದುಕೊಳ್ಳುತ್ತದೆ. ರೈತರಿಗೆ ಇದು ನೇರಳೆ ಮಚ್ಚೆ ರೋಗ, ಔಷಧಿ ಅಂಗಡಿಯ ಸಾಲಕ್ಕೆ ಇನ್ನೊಂದು ಕಾರಣ. ಬೆಳೆದವರ ಎದುರು ನಿಂತು ‘ಎಂಥ ಬಣ್ಣ!’ ಎನ್ನುವ ಎದೆಗಾರಿಕೆ ನನಗಿಲ್ಲ. ಒಂದೆಲೆ ಕಿತ್ತು ಮನೆಗೆ ತಂದ ಮೇಲೆ ಅನ್ನಬಹುದು.

ನೋಡುವ ಬಗೆ ಸುಲಭ. ಪಾರದರ್ಶಕ ಟೇಪಿನ ಅಂಟು ಬದಿಯನ್ನು ಮಚ್ಚೆಗೆ ಮೆಲ್ಲಗೆ ಒತ್ತಿ ತೆಗೆದು, ಗಾಜಿನ ಪಟ್ಟಿಯ ಮೇಲೆ ಒಂದು ಹನಿ ನೀಲಿ ದ್ರಾವಣದಲ್ಲಿ ಕೂರಿಸಿ, ಕಾಲೇಜಿನ ಸಾಮಾನ್ಯ ಸೂಕ್ಷ್ಮದರ್ಶಕದಡಿ ಇಟ್ಟರೆ ಸಾಕು. ಎಲೆಯಲ್ಲಿ ಮಸಿಯಂತೆ ಕಂಡದ್ದು ಇಲ್ಲಿ ಹೊಂಬಣ್ಣದ ಕಂದು. ಆಲ್ಟರ್ನೇರಿಯಾ ಪೊರೈ ಎಂಬ ಶಿಲೀಂಧ್ರದ ಬೀಜಾಣುಗಳವು. ಬುಡದಲ್ಲಿ ದಪ್ಪ, ಮೇಲೆ ಹೋದಂತೆ ಸಪೂರ, ತುದಿಯಲ್ಲಿ ಮೈಯಷ್ಟೇ ಉದ್ದದ, ಕೆಲವೊಮ್ಮೆ ಅದಕ್ಕೂ ಉದ್ದದ ಕೊಕ್ಕು. ಒಳಗೆ ಅಡ್ಡಗೋಡೆಗಳು, ಅಲ್ಲಲ್ಲಿ ಉದ್ದಗೋಡೆಗಳು. ದುರ್ಗದ ಕೋಟೆಯಲ್ಲಿ ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂರಿಸಿದ ಹಾಗೆ ಕೋಶಗಳು ಬಿಗಿಯಾಗಿ ಕೂತಿವೆ. ದೊಡ್ಡದೊಂದು ಬೀಜಾಣು ಕೊಕ್ಕೂ ಸೇರಿ ಮಿಲಿಮೀಟರಿನ ಕಾಲು ಭಾಗ ಮುಟ್ಟುತ್ತದೆ. ಶಿಲೀಂಧ್ರಗಳ ಲೋಕದಲ್ಲಿ ಇದು ಭಾರಿ ಆಳು. ರಾತ್ರಿಯ ತೇವದಲ್ಲಿ ಮೂಡಿ, ಬೆಳಗ್ಗೆ ಎಲೆ ಆರುತ್ತಿದ್ದಂತೆ ಕಳಚಿಕೊಂಡು ಗಾಳಿಗೆ ಏರುತ್ತದೆ.

ಇಷ್ಟು ಕುಸುರಿಯಿರುವ ಜೀವಿಯನ್ನು ವಿಜ್ಞಾನ ಬಹುಕಾಲ ಇಟ್ಟಿದ್ದು ‘ಅಪೂರ್ಣ ಶಿಲೀಂಧ್ರಗಳು’ ಎಂಬ ಕೊಟ್ಟಿಗೆಯಲ್ಲಿ. ಲ್ಯಾಟಿನ್ನಿನಲ್ಲಿ ಫಂಜೈ ಇಂಪರ್ಫೆಕ್ಟೈ, ಪಠ್ಯಪುಸ್ತಕಗಳಲ್ಲಿ ಡ್ಯೂಟರೋಮೈಸೀಟ್ಸ್. ಕೊರತೆ ಏನೆಂದರೆ, ಇವು ಗಂಡು-ಹೆಣ್ಣಿನ ಕೂಡಾಟವಿಲ್ಲದೆ ಹೆಚ್ಚುತ್ತವೆ. ಲೈಂಗಿಕ ಹಂತ ಸಿಕ್ಕರೆ ಶಿಲೀಂಧ್ರದ ಕುಲಗೋತ್ರ ಹೇಳಬಹುದು. ಸಿಗದಿದ್ದರೆ ಈ ಪಟ್ಟಿಗೆ.

ಆ ಪಟ್ಟಿಯನ್ನು ಅಂದಗೊಳಿಸಿದವರು ಇಟಲಿಯ ಪಿಯೆರ್ ಆಂಡ್ರಿಯಾ ಸಕ್ಕಾರ್ಡೊ. ವಂಶ ತಿಳಿಯದಿದ್ದರೇನು, ರೂಪ ಕಾಣುತ್ತದಲ್ಲ! ಬೀಜಾಣು ತಿಳಿಯೋ ಕಪ್ಪೋ, ಒಂದು ಕೋಶವೋ ಎರಡೋ ಹಲವೋ, ಸೂಜಿಯಂತೆ ನೀಳವೋ, ಸುರುಳಿಯೋ, ನಕ್ಷತ್ರವೋ ಎಂದು ಅವರು ವಿಂಗಡಿಸಿದರು. 1882ರಲ್ಲಿ ಶುರುವಾದ ಅವರ ‘ಸಿಲೋಜೆ ಫಂಗೋರಂ’ ಸಂಪುಟಗಳು ಅವರು ತೀರಿಕೊಂಡ ಮೇಲೂ ಹೊರಬಂದವು. ಬಣ್ಣಗಳನ್ನು ಹೆಸರಿಸಲೆಂದೇ 1891ರಲ್ಲಿ ‘ಕ್ರೋಮೊಟ್ಯಾಕ್ಸಿಯಾ’ ಎಂಬ ಪುಟ್ಟ ಪುಸ್ತಕ ಬರೆದ ಮನುಷ್ಯ ಅವರು. ಆಮೇಲಿನವರು ಈ ವಿಂಗಡಣೆಯನ್ನು ಕೃತಕವೆಂದು ಜರೆದರು. ವಂಶದ ಲೆಕ್ಕದಲ್ಲಿ ಅದು ನಿಜ. ಆದರೆ ಕಣ್ಣಿನ ಸುಖವನ್ನೇ ಆಧಾರವಾಗಿಟ್ಟುಕೊಂಡ ಇಂಥ ಇನ್ನೊಂದು ವರ್ಗೀಕರಣ ನನಗೆ ಗೊತ್ತಿಲ್ಲ.

ನಕ್ಷತ್ರದಂಥವು ಸಿಗುವುದು ಹೆಚ್ಚಾಗಿ ಹರಿಯುವ ನೀರಿನ ನೊರೆಯಲ್ಲಿ. ಪಶ್ಚಿಮಘಟ್ಟದ ತೊರೆಗಳಲ್ಲಿ ಮಂಗಳೂರು ವಿಶ್ವವಿದ್ಯಾಲಯದ ಕೆ. ಎಂ. ಕಾವೇರಿಯಪ್ಪ, ಕೆ. ಆರ್. ಶ್ರೀಧರ್ ಮೊದಲಾದವರು ಅವನ್ನು ವರ್ಷಗಟ್ಟಲೆ ಅರಸಿದರು. ನಮ್ಮದು ಬಯಲುಸೀಮೆ, ನಮ್ಮ ಪಾಲಿಗೆ ಗಾಳಿಯಲ್ಲಿ ಹಾರುವವು.

ಸೂಜಿಯಂಥವು ಬೇಕಿದ್ದರೆ ಶೇಂಗಾ ಹೊಲಕ್ಕೆ ಹೋಗಬೇಕು. ಟಿಕ್ಕಾ ಎಂದು ಎಲ್ಲರೂ ಕರೆಯುವ ಎಲೆಚುಕ್ಕೆಯಲ್ಲಿ ಇಬ್ಬರು ಅಪರಾಧಿಗಳಿದ್ದಾರೆ. ಮೊದಲು ಬರುವ ಸರ್ಕೋಸ್ಪೊರಾ ಅರಾಕಿಡಿಕೋಲಾ ಎಲೆಯ ಮೇಲ್ಬದಿಯಲ್ಲಿ ಕಂದು ಚುಕ್ಕೆಯಿಟ್ಟು ಸುತ್ತ ಹಳದಿ ಪ್ರಭೆ ಬರೆಯುತ್ತದೆ. ಬೀಜಾಣು ನೀಳ, ತೆಳು, ಬಹುಪಾಲು ಬಣ್ಣಗೇಡಿ. ತಡವಾಗಿ ಬರುವುದು ಪರ್ಸೊನೇಟಾ. ಎಲೆ ಮಗುಚಿದರೆ ಕಾಡಿಗೆ ಕಪ್ಪು, ಕೈಮಸೂರದಲ್ಲಿ ನೋಡಿದರೆ ವರ್ತುಲ ವರ್ತುಲವಾಗಿ ಕೂತ ಗುಚ್ಛಗಳು. ಬೀಜಾಣು ಗಿಡ್ಡ, ದಪ್ಪ. ನನ್ನ ಒಲವು ಇದರ ಕಡೆಗೇ, ಆ ವರ್ತುಲಗಳ ದೆಸೆಯಿಂದ. ಎರಡೂ ಸೇರಿ ಎಲೆ ಉದುರಿಸಿದರೆ ಕಾಯಿ ಜೊಳ್ಳಾಗುವುದರ ಜೊತೆಗೆ ದನಗಳ ಬಳ್ಳಿ ಮೇವೂ ಹೋಗುತ್ತದೆ ಎಂಬುದನ್ನು ಮರೆತು ಹೇಳುತ್ತಿರುವ ಮಾತಲ್ಲ ಇದು.

ಮದರಾಸಿನ ಸಿ. ವಿ. ಸುಬ್ರಮಣಿಯನ್ ಭಾರತದ ಇಂಥ ಶಿಲೀಂಧ್ರಗಳ ಮೇಲೆ 1971ರಲ್ಲಿ ದೊಡ್ಡ ಗ್ರಂಥವನ್ನೇ ತಂದರು. ಸರ್ಕೋಸ್ಪೊರಾ ಬಳಗ ಇದರಲ್ಲಿಲ್ಲ ಎಂದು ಹೆಸರಿನಲ್ಲೇ ಹೇಳಿಬಿಟ್ಟಿದ್ದಾರೆ. ನಮ್ಮ ಶೇಂಗಾದ ಜೋಡಿ ಶಿಲೀಂಧ್ರಗಳಿಗೆ ಅಲ್ಲಿ ಜಾಗ ಸಿಗಲಿಲ್ಲ. ಆದರೆ ಅವಕ್ಕೂ ಲೈಂಗಿಕ ಹಂತ ಇದೆಯೆಂದು ಅಮೆರಿಕದ ಜೆಂಕಿನ್ಸ್ 1938ರಲ್ಲೇ ತೋರಿಸಿ, ಮೈಕೊಸ್ಫೆರೆಲ್ಲಾ ಎಂಬ ಎರಡನೆಯ ಹೆಸರು ಕೊಟ್ಟಾಗಿತ್ತು. ಒಂದೇ ಜೀವಿ, ಎರಡು ಹೆಸರು. ನಿಯಮ ಇದನ್ನು ಒಪ್ಪುತ್ತಿತ್ತು. ಡಿಎನ್‌ಎ ಓದುವುದು ಸಲೀಸಾದ ಮೇಲೆ, ಕೂಡಾಟ ನೋಡದೆಯೇ ವಂಶ ಹೇಳುವುದು ಸಾಧ್ಯವಾಯಿತು. 2011ರ ಮೆಲ್ಬರ್ನ್ ಸಸ್ಯವಿಜ್ಞಾನ ಸಮ್ಮೇಳನ ಜೋಡಿ ಹೆಸರಿನ ಪದ್ಧತಿಯನ್ನು ಕೈಬಿಟ್ಟಿತು. ಅಪೂರ್ಣರ ಕೊಟ್ಟಿಗೆ ಖಾಲಿಯಾಗಿ, ಅದರಲ್ಲಿದ್ದವೆಲ್ಲ ತಂತಮ್ಮ ಮನೆ ಸೇರಿದವು. ಆಲ್ಟರ್ನೇರಿಯಾ ಪೊರೈ ಕೂಡ ಸೇರಿತು, ಲೈಂಗಿಕ ಹಂತ ತೋರಿಸದೆಯೇ.

ಈ ಹೆಸರುಗಳ ಪ್ರಸಂಗದಲ್ಲಿ ನನಗೆ ತುಂಬ ಹಿಡಿಸುವ ಕಥೆ ಟ್ರೈಕೋಡರ್ಮಾ ಎಂಬ ಶಿಲೀಂಧ್ರದ್ದು. ಹೊಳಲ್ಕೆರೆಯ ಅಡಿಕೆ ತೋಟದವರಿಗೂ ಹೊಸದುರ್ಗದ ದಾಳಿಂಬೆಯವರಿಗೂ ಈ ಹೆಸರು ಚೆನ್ನಾಗಿ ಗೊತ್ತು. ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ, ತೇವ ಆರದಂತೆ ನೆರಳಲ್ಲಿಟ್ಟು, ಬುಡಕ್ಕೆ ಹಾಕುತ್ತಾರೆ. ಗೊಬ್ಬರದ ಮೇಲೆ ಹಸಿರು ಹೊದಿಕೆ ಏಳುವುದು ಅದರ ಬೀಜಾಣುಗಳಿಂದ. ಒಂದೊಂದೂ ಮಿಲಿಮೀಟರಿನ ಸಾವಿರ ಪಾಲುಗಳಲ್ಲಿ ಮೂರು-ನಾಲ್ಕು ಪಾಲಿನಷ್ಟು. ಕವಲೊಡೆದ ಕಾಂಡದ ತುದಿಗಳಲ್ಲಿ, ನಡು ಉಬ್ಬಿ ಕತ್ತು ಕಿರಿದಾದ ಕೋಶಗಳ ಬಾಯಲ್ಲಿ, ಹನಿಹನಿಯಾಗಿ ಗುಂಪುಗೂಡಿರುತ್ತವೆ. ಫ್ರಾನ್ಸಿನ ಟುಲಾನ್ ಸೋದರರು 1865ರಲ್ಲೇ ಇದಕ್ಕೂ ಹೈಪೊಕ್ರಿಯಾ ಎಂಬ ‘ಪೂರ್ಣ’ ಶಿಲೀಂಧ್ರಕ್ಕೂ ನಂಟಿದೆ ಎಂದಿದ್ದರು. ಮೊದಲು ಇದ್ದ ನಿಯಮದ ಪ್ರಕಾರ, ಎರಡು ಹೆಸರಿದ್ದರೂ ಲೈಂಗಿಕ ಹಂತದ ಹೈಪೊಕ್ರಿಯಾ ಎಂಬ ಹೆಸರಿಗೇ ಹೆಚ್ಚಿನ ಮನ್ನಣೆ. ಒಂದೇ ಹೆಸರು ಉಳಿಯಬೇಕೆಂದಾಗ ಶಿಲೀಂಧ್ರ ವಿಜ್ಞಾನಿಗಳು ಹೈಪೊಕ್ರಿಯಾವನ್ನು ಬಿಟ್ಟು, ರೈತರ ಚೀಟಿಗಳಲ್ಲೂ ಪೊಟ್ಟಣಗಳಲ್ಲೂ ಆಗಲೇ ಬೇರುಬಿಟ್ಟಿದ್ದ ಟ್ರೈಕೋಡರ್ಮಾವನ್ನೇ ಇಟ್ಟುಕೊಂಡರು.