ಪ್ರತಿಜ್ಞೆ ಮಾಡಿಸಿದರು, ಚುನಾವಣೆ ಮಾಡಿಸಲಿಲ್ಲ

2011ರಿಂದ ಪ್ರತಿವರ್ಷ ಜನವರಿ 25ಕ್ಕೆ ರಾಷ್ಟ್ರೀಯ ಮತದಾರರ ದಿನ ಬರುತ್ತದೆ. ಕಾಲೇಜು ಹುಡುಗರು ಸಾಲಾಗಿ ನಿಂತು, ಕೈ ಚಾಚಿ ಪ್ರತಿಜ್ಞೆ ಓದುತ್ತಾರೆ. ರಂಗೋಲಿ, ಜಾಥಾ, ಸೆಲ್ಫಿ ಎಲ್ಲವೂ ಆಗುತ್ತದೆ. ಚುನಾವಣಾ ಆಯೋಗದ ಮತದಾರ ಜಾಗೃತಿ ಕಾರ್ಯಕ್ರಮ ‘ಸ್ವೀಪ್’ನ ಉದ್ದೇಶ ಒಳ್ಳೆಯದೇ. ಆದರೆ ಯುವಕರಿಗೆ ಆಸಕ್ತಿ ಇಲ್ಲ, ಅದನ್ನು ಹುಟ್ಟಿಸಬೇಕು ಎಂದು ಅದು ಮೊದಲೇ ತೀರ್ಮಾನಿಸಿಬಿಟ್ಟಿದೆ. ನಾನು ಇದನ್ನು ಒಪ್ಪಲಾರೆ.

ಮಹಾರಾಷ್ಟ್ರದ ಸಾಂಗಲಿ-ಮಿರಜ-ಕುಪವಾಡ ಮಹಾನಗರಪಾಲಿಕೆಯನ್ನೇ ನೋಡಿ. 2018ರ ಆಗಸ್ಟ್‌ನಲ್ಲಿ ಚುನಾವಣೆಯಾಯಿತು, 2023ಕ್ಕೆ ಅವಧಿ ಮುಗಿಯಿತು. ಹಿಂದುಳಿದ ವರ್ಗಗಳ ಮೀಸಲಾತಿ ವ್ಯಾಜ್ಯದಲ್ಲಿ ರಾಜ್ಯದ ಪಾಲಿಕೆ ಚುನಾವಣೆಗಳು ನಿಂತುಹೋದವು, ಊರು ಆಡಳಿತಾಧಿಕಾರಿಯ ಕೈಗೆ ಹೋಯಿತು. ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ತಾಕೀತು ಮಾಡಿದ ಮೇಲೆ, 2026ರ ಜನವರಿ 15ಕ್ಕೆ ಮತದಾನ ನಡೆಯಿತು. 2018ರ ಕೊನೆಗೆ ಹದಿನೆಂಟು ತುಂಬಿದ ಮಿರಜದ ಹುಡುಗಿ ಇಪ್ಪತ್ತೈದಾದರೂ ತನ್ನ ವಾರ್ಡಿನ ನಗರಸೇವಕನನ್ನು ಆರಿಸಿರಲಿಲ್ಲ. 2019 ಮತ್ತು 2021ರಲ್ಲಿ ಕೃಷ್ಣೆ ಮನೆಗಳಿಗೆ ನುಗ್ಗಿದಳು. ಪಾಲಿಕೆ ಏನು ಮಾಡಿತೆಂದು ಲೆಕ್ಕ ಕೇಳುವ ಸರದಿ ಆಕೆಗೆ ಅಲ್ಲಿಯವರೆಗೂ ಬರಲೇ ಇಲ್ಲ. ಪ್ರತಿಜ್ಞೆ ಮಾಡಿಸುವ ಆಯೋಗ ಬೇರೆ, ಪಾಲಿಕೆ ಚುನಾವಣೆ ನಡೆಸುವ ಆಯೋಗ ಬೇರೆ, ಸರಿ. ಆಕೆಯ ಪಾಲಿಗೆ ಎರಡೂ ಒಂದೇ ವ್ಯವಸ್ಥೆ. ಮತದ ರೂಢಿ ಬೀಳುವ ವಯಸ್ಸನ್ನೇ ಆ ವ್ಯವಸ್ಥೆ ಕಳೆದುಬಿಟ್ಟಿತು.

ಮತದಾರರ ಪಟ್ಟಿಗೆ ಹೆಸರು ಸೇರಿಸುವ ಕೆಲಸದಲ್ಲೂ ಕೊರತೆ ಯುವಕರದಲ್ಲ, ವ್ಯವಸ್ಥೆಯದೇ. ಅಥಣಿ, ಜತ್ತ ಕಡೆಯಿಂದ ಸಾಂಗಲಿ-ಮಿರಜಕ್ಕೆ ಓದಲು ಬಂದು ಹಾಸ್ಟೆಲಿನಲ್ಲಿರುವವರು ಕಾಲೇಜಿನ ದೃಢೀಕರಣ ಪತ್ರ ಕೊಟ್ಟು, ನಮೂನೆ 6 ತುಂಬಿ, ಇಲ್ಲಿಯೇ ಮತದಾರರಾಗಬಹುದು. ಹದಿನೇಳು ತುಂಬಿದವರೂ ಮುಂಗಡ ಅರ್ಜಿ ಹಾಕಬಹುದು. ಪ್ರವೇಶದ ದಿನ ಶುಲ್ಕದ ರಸೀದಿಯ ಜೊತೆಗೇ ಆ ನಮೂನೆಯನ್ನೂ ಕೊಟ್ಟು, ಅಲ್ಲೇ ತುಂಬಿಸಿಕೊಂಡರೆ ಹತ್ತು ಜಾಥಾಗಳಿಗಿಂತ ಹೆಚ್ಚು ಕೆಲಸವಾದೀತು.

ಇನ್ನು ಜತ್ತ ತಾಲ್ಲೂಕಿನ ಕನ್ನಡ ಹಳ್ಳಿಗಳು. ಮಳೆ ಕೈಕೊಟ್ಟ ಈ ಸೀಮೆಯಿಂದ ದೀಪಾವಳಿ ಮುಗಿಯುತ್ತಲೇ ಗಂಡಹೆಂಡಿರು ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಹೊರಡುತ್ತಾರೆ. 2024ರ ವಿಧಾನಸಭೆ ಚುನಾವಣೆಯ ಮತದಾನ ನವೆಂಬರ್ 20ಕ್ಕೆ; ಕಬ್ಬು ನುರಿಸುವ ಹಂಗಾಮಿಗೆ ಸರ್ಕಾರ ಒಪ್ಪಿದ್ದು ನವೆಂಬರ್ 15ರಿಂದ. ಗ್ಯಾಂಗಿನ ಗುತ್ತಿಗೆದಾರ ಮುಕಾದಮನಿಂದ ಮುಂಗಡ ತಗೊಂಡ ಹುಡುಗ ಗದ್ದೆ ಬಿಟ್ಟು ಊರಿಗೆ ಹೇಗೆ ಬರಬೇಕು? ದೂರದಿಂದಲೇ ಮತ ಹಾಕುವ ಯಂತ್ರದ ಪ್ರಸ್ತಾವವನ್ನು ಆಯೋಗ 2023ರ ಜನವರಿಯಲ್ಲಿ ಪಕ್ಷಗಳ ಮುಂದಿಟ್ಟಿತ್ತು, ವಿರೋಧ ಬಂದು ಅದು ಅಲ್ಲಿಗೇ ನಿಂತಿತು. ಅದು ಬರುವ ತನಕ ಕಾಯಬೇಕಿಲ್ಲ. ಮತದಾನದ ದಿನ ಪೂರ್ತಿ ಕೂಲಿಯ ರಜೆಯನ್ನೂ ಊರಿಗೆ ಹೋಗಿಬರುವ ಬಸ್ಸನ್ನೂ ಸಕ್ಕರೆ ಕಾರ್ಖಾನೆಗಳೇ ಕೊಡುವಂತೆ ಜಿಲ್ಲಾಧಿಕಾರಿ ಈಗಲೇ ನೋಡಿಕೊಳ್ಳಬೇಕು.