ಜನಾಭಿಪ್ರಾಯ ಗಣನೆಯ ಏರಿಳಿತಗಳು: ಒಂದು ವಿಮರ್ಶೆ

ಚುನಾವಣೆಗೆ ಮುಂಚೆ ನಡೆಯುವ ಜನಾಭಿಪ್ರಾಯ ಗಣನೆಗಳು ಈಚಿನ ರಾಜಕೀಯ ಇತಿಹಾಸಕ್ಕೆ ಮುಖ್ಯವಾದ ಆಧಾರಗಳಾಗಿ ಪರಿಣಮಿಸಿವೆ. ಒಂದು ತಿಂಗಳು ಮುಂದಿದ್ದ ಪಕ್ಷವು ಮರುತಿಂಗಳು ಹಿಂದೆ ಬಿದ್ದಿತೆಂದರೆ, ನಡುವೆ ನಡೆದ ಯಾವುದಾದರೊಂದು ಘಟನೆಯನ್ನು ಕಾರಣವಾಗಿ ತೋರಿಸಿ, ಇಷ್ಟು ಜನ ಮನಸ್ಸು ಬದಲಿಸಿದರೆಂದು ನಿರ್ಣಯಿಸುವುದು ವಾಡಿಕೆ. ಈ ವಾಡಿಕೆ ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಅಮೆರಿಕಾ ಸಂಯುಕ್ತ ಸಂಸ್ಥಾನದ ಎರಡು ಅಧ್ಯಕ್ಷ ಚುನಾವಣೆಗಳ ನಿದರ್ಶನದಿಂದ ನಾವು ಇಲ್ಲಿ ಪರಿಶೀಲಿಸುತ್ತೇವೆ.

೧೯೪೮ರಲ್ಲಿ ಗ್ಯಾಲಪ್ ಸಂಸ್ಥೆಯ ಕಡೆಯ ಅಂದಾಜಿನಂತೆ ರಿಪಬ್ಲಿಕನ್ ಪಕ್ಷದ ಡ್ಯೂಯಿಗೆ ಶೇಕಡ ೪೯.೫, ಡೆಮೊಕ್ರಾಟಿಕ್ ಪಕ್ಷದ ಟ್ರೂಮನ್ನರಿಗೆ ೪೪.೫ ಮತಗಳು ಬರಬೇಕಾಗಿದ್ದುವು. ಫಲಿತಾಂಶವು ಹೆಚ್ಚುಕಡಿಮೆ ಇದರ ತಿರುವುಮುರುವಾಯಿತು. ಮತದಾರರು ಕಡೆಯ ಗಳಿಗೆಯಲ್ಲಿ ತಿರುಗಿಬಿದ್ದರೆಂಬುದು ಸುಲಭವಾದ ಸಮಾಧಾನ. ಆದರೆ ಸಮಾಜವಿಜ್ಞಾನ ಸಂಶೋಧನ ಮಂಡಲಿಯ ವಿದ್ವಾಂಸರು ೧೯೪೯ರಲ್ಲಿ ವಿಚಾರಣೆ ನಡೆಸಿ, ಕಡೆಯ ಬದಲಾವಣೆಗಳನ್ನು ಗಣಕರು ಅಲಕ್ಷಿಸಿದ್ದುದರ ಜೊತೆಗೆ, ಜನರನ್ನು ಆರಿಸಿ ಪ್ರಶ್ನಿಸುವ ಕ್ರಮವೇ ದೋಷಯುಕ್ತವಾಗಿತ್ತೆಂದು ತೋರಿಸಿದರು. ಹಾಗಾಗಿ ಗಣನೆಗೂ ಫಲಿತಾಂಶಕ್ಕೂ ನಡುವಣ ಅಂತರವನ್ನೆಲ್ಲ ಜನರ ಮನಃಪರಿವರ್ತನೆಯ ಲೆಕ್ಕಕ್ಕೆ ಬರೆಯುವುದು ಸಲ್ಲದು.

ಆಯ್ಕೆಯು ನಿರ್ದೋಷವಾಗಿದ್ದರೂ ಆಕಸ್ಮಿಕ ವ್ಯತ್ಯಾಸ ತಪ್ಪುವುದಿಲ್ಲ. ಸಾವಿರ ಜನರನ್ನು ಪ್ರಶ್ನಿಸಿದಾಗ ಒಂದು ಪಕ್ಷದ ಅಂಕಿಯಲ್ಲಿ ಅತ್ತಿತ್ತ ಸುಮಾರು ಮೂರು ಅಂಶಗಳ ಅನಿಶ್ಚಯವಿರುವುದೆಂದು ಎಲ್ಲರೂ ಬಲ್ಲರು. ಎರಡು ಸಮಬಲ ಪಕ್ಷಗಳ ಅಂತರದಲ್ಲಿ ಅದು ಆರಕ್ಕೂ, ಎರಡು ಗಣನೆಗಳ ನಡುವೆ ಆ ಅಂತರವು ಬದಲಾದ ಪ್ರಮಾಣದಲ್ಲಿ ಸುಮಾರು ಒಂಬತ್ತಕ್ಕೂ ಏರುವುದೆಂಬುದನ್ನು ಮಾತ್ರ ಮರೆಯುತ್ತಾರೆ. ನಾಲ್ಕೈದು ಅಂಶಗಳ ಏರಿಳಿತಕ್ಕೆ ಕಾರಣ ಹುಡುಕುವವರು ಎಷ್ಟೋ ವೇಳೆ ಇಲ್ಲದ ಕಾರ್ಯಕ್ಕೆ ಕಾರಣ ಹುಡುಕುತ್ತಿರುತ್ತಾರೆ.

ಏರಿಳಿತವು ಈ ಮಿತಿಯನ್ನು ಮೀರಿದರೆ? ೨೦೧೨ರ ಸೆಪ್ಟೆಂಬರಿನಲ್ಲಿ ಪ್ಯೂ ಸಂಸ್ಥೆಯ ಗಣನೆಯು, ಮತ ಹಾಕುವ ಸಂಭವವುಳ್ಳವರಲ್ಲಿ ಒಬಾಮಾ ಎಂಟು ಅಂಶ ಮುಂದಿರುವರೆಂದು ತಿಳಿಸಿತು. ಅಕ್ಟೋಬರ್ ೩ರಂದು ನಡೆದ ಮೊದಲನೆಯ ಚರ್ಚೆಯಲ್ಲಿ ಅವರು ಮಂಕಾಗಿ ಕಂಡರು. ಮುಂದಿನ ಗಣನೆಯಲ್ಲಿ ರಾಮ್ನಿ ನಾಲ್ಕು ಅಂಶ ಮುಂದಾದರು. ಹನ್ನೆರಡು ಅಂಶಗಳ ಈ ತಿರುವನ್ನು ಬರಿಯ ಆಕಸ್ಮಿಕವೆನ್ನಲಾಗದು. ಆದರೂ ನವೆಂಬರಿನಲ್ಲಿ ಒಬಾಮಾ ಸುಮಾರು ನಾಲ್ಕು ಅಂಶಗಳಿಂದ ಗೆದ್ದರು. ಗೆಲ್ಮನ್ ಮೊದಲಾದ ವಿದ್ವಾಂಸರು ೨೦೧೬ರಲ್ಲಿ ಪ್ರಕಟಿಸಿದ ಅಧ್ಯಯನವು ಇದಕ್ಕೆ ಬೆಳಕು ನೀಡುತ್ತದೆ. ಎಕ್ಸ್‌ಬಾಕ್ಸ್ ಎಂಬ ಆಟದ ಯಂತ್ರದ ಮೂಲಕ ಲಕ್ಷಗಟ್ಟಲೆ ಉತ್ತರಗಳನ್ನು ಸಂಗ್ರಹಿಸಿ, ಉತ್ತರಿಸಿದವರ ಪಕ್ಷನಿಷ್ಠೆಯನ್ನು ಲೆಕ್ಕಕ್ಕೆ ತಂದುಕೊಂಡಾಗ, ಕಂಡ ತಿರುವಿನ ಬಹುಭಾಗ ಕರಗಿಹೋಯಿತು. ಚರ್ಚೆಯ ಬಳಿಕ ಒಬಾಮಾ ಪಕ್ಷದವರು ಉತ್ತರ ಕೊಡುವುದನ್ನು ಕಡಮೆ ಮಾಡಿದ್ದರು. ಬದಲಾದದ್ದು ಮುಖ್ಯವಾಗಿ ಮತದಾರರ ಮನಸ್ಸಲ್ಲ, ಉತ್ತರಿಸುವವರ ಗುಂಪು.

ನಿಜವಾದ ಬದಲಾವಣೆಯನ್ನು ಅರಿಯಲು ಅದೇ ವ್ಯಕ್ತಿಗಳನ್ನು ಮತ್ತೆ ಮತ್ತೆ ಪ್ರಶ್ನಿಸುವುದು ಹೆಚ್ಚು ವಿಶ್ವಾಸಾರ್ಹವಾದ ಮಾರ್ಗ. ಲಾಜರ್ಸ್‌ಫೆಲ್ಡ್ ಮತ್ತು ಅವರ ಸಹೋದ್ಯೋಗಿಗಳು ೧೯೪೦ರಷ್ಟು ಹಿಂದೆಯೇ ಓಹಾಯೋ ಪ್ರಾಂತದ ಈರಿ ಕೌಂಟಿಯಲ್ಲಿ ಆರುನೂರು ಜನರ ಒಂದು ತಂಡವನ್ನು ಹೀಗೆ ಅನುಸರಿಸಿ, ಪ್ರಚಾರವು ಹೆಚ್ಚಾಗಿ ಇದ್ದ ಒಲವನ್ನೇ ಗಟ್ಟಿಗೊಳಿಸುವುದೆಂದೂ ಎದುರು ಪಕ್ಷಕ್ಕೆ ತಿರುಗುವವರು ಕೆಲವರೇ ಎಂದೂ ಕಂಡುಕೊಂಡರು. ಇದಕ್ಕೆ ಪ್ರತಿಯಾಗಿ, ಎರಡು ಕಡೆಯಿಂದಲೂ ಸಮಸಂಖ್ಯೆಯ ಜನ ದಾಟಿದರೆ ಒಟ್ಟು ಅಂಕಿ ಕದಲುವುದೇ ಇಲ್ಲ. ಸ್ಥಿರವಾದ ಅಂಕಿಯೂ ಸ್ಥಿರವಾದ ಅಭಿಪ್ರಾಯಕ್ಕೆ ಸಾಕ್ಷಿಯಲ್ಲ.

ಇದರಿಂದ ಗಣನೆಗಳು ನಿರರ್ಥಕವೆಂದು ನಾವು ಹೇಳುತ್ತಿಲ್ಲ. ೧೯೪೮ರ ಕಡೆಯ ದಿನಗಳ ಬದಲಾವಣೆ ಒಂದಂಶದಲ್ಲಿ ನಿಜವೇ ಆಗಿತ್ತು. ಆದರೆ ಶಾಸನವೊಂದನ್ನು ಓದುವಾಗ ಅದನ್ನು ಬರೆಯಿಸಿದವರು ಯಾರು, ಅದರಲ್ಲಿ ಯಾರ ಮಾತಿಲ್ಲ ಎಂದು ನಾವು ಕೇಳುವುದಿಲ್ಲವೆ? ಗಣನೆಯ ಅಂಕಿಯ ಮುಂದೆಯೂ ಅದೇ ಪ್ರಶ್ನೆಯನ್ನಿಡಬೇಕು. ಹಾಗೆ ಮಾಡದಿದ್ದರೆ, ಆಗದೆಯೇ ಇದ್ದ ಮನಃಪರಿವರ್ತನೆಗಳು ಕಾರಣಸಹಿತವಾಗಿ ನಮ್ಮ ಪಠ್ಯಪುಸ್ತಕಗಳನ್ನು ಸೇರುತ್ತವೆ. ಜನರು ಏಕೆ ಬದಲಾದರೆಂದು ವಿಚಾರಿಸುವ ಮುನ್ನ, ಬದಲಾದರೆ ಎಂಬುದನ್ನು ಸ್ಥಾಪಿಸುವುದು ಇತಿಹಾಸಕಾರನ ಮೊದಲ ಕರ್ತವ್ಯ.